ಜಗಳ ಮುಗಿದರೆ ಪಟೇಲರಿಗೇನು ಕೆಲಸ? ಕಾಕಸಸ್‌ನಲ್ಲಿ ರಷ್ಯಾದ ಮುಂದಿನ ದಾರಿ

2023ರ ಸೆಪ್ಟೆಂಬರ್ ಕೊನೆಯ ವಾರ. ನಾಗೊರ್ನೊ-ಕರಬಾಖ್ ಎಂಬ ಗುಡ್ಡಗಾಡಿನಿಂದ ಅರ್ಮೇನಿಯಾಕ್ಕೆ ಇಳಿಯುವ ಒಂದೇ ರಸ್ತೆ. ಕಾರು, ಲಾರಿ, ಟ್ರಾಕ್ಟರ್ ಯಾವುದು ಸಿಕ್ಕಿತೋ ಅದರಲ್ಲಿ ಗಂಟುಮೂಟೆ ಹೇರಿಕೊಂಡು ಜನ ಹೊರಟಿದ್ದರು. ಎರಡು-ಮೂರು ಗಂಟೆಯ ದಾರಿಗೆ ಒಂದು ದಿನಕ್ಕಿಂತ ಜಾಸ್ತಿ ಹಿಡಿಯುತ್ತಿತ್ತು. ಸುಮಾರು ಒಂದು ವಾರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ತಲೆಮಾರುಗಳಿಂದ ಬಾಳಿದ ಊರು ಖಾಲಿ ಮಾಡಿದರು. ಇವರನ್ನು ಕಾಯುವುದಕ್ಕೆ ಅಂತಲೇ 2020ರಲ್ಲಿ ರಷ್ಯಾ 1,960 ಶಾಂತಿಪಾಲಕ ಸೈನಿಕರನ್ನು ಅಲ್ಲಿ ಇಟ್ಟಿತ್ತು. ಅವರು ಎಲ್ಲಿಗೂ ಹೋಗಿರಲಿಲ್ಲ, ಅಲ್ಲೇ ಇದ್ದರು. ಜನ ಹೋದರು, ಕಾವಲುಗಾರರು ಉಳಿದರು.

ಮರುವರ್ಷದ ಏಪ್ರಿಲ್‌ನಲ್ಲಿ ಆ ಸೈನಿಕರೂ ಜಾಗ ಖಾಲಿ ಮಾಡಲು ಶುರು ಮಾಡಿದರು. ಕಾಯಲು ಯಾರೂ ಇಲ್ಲದ ಮೇಲೆ ಕಾವಲು ಯಾಕೆ, ಅಲ್ವಾ?

ಎರಡು ನೂರು ವರ್ಷ ಒಂದು ಪ್ರದೇಶವನ್ನು ತನ್ನ ಹಿತ್ತಲು ಅಂದುಕೊಂಡಿದ್ದ ದೊಡ್ಡ ದೇಶವೊಂದು ಹೀಗೆ ಕೈಕಟ್ಟಿ ನಿಂತದ್ದು ಯಾಕೆ, ಮುಂದೆ ಅದು ಏನು ಮಾಡಬಹುದು ಅನ್ನೋದೇ ಈ ಬರಹದ ವಿಷಯ. 2025ರ ಡಿಸೆಂಬರ್ ಕೊನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಆ ಕಡೆ ಪರಿಸ್ಥಿತಿ ಬೇಗ ಬದಲಾಗುತ್ತಿರುತ್ತದೆ, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಮೊದಲು ಜಾಗದ ಪರಿಚಯ. ಕಪ್ಪು ಸಮುದ್ರಕ್ಕೂ ಕ್ಯಾಸ್ಪಿಯನ್ ಸಮುದ್ರಕ್ಕೂ ನಡುವೆ, ಕಾಕಸಸ್ ಬೆಟ್ಟಸಾಲಿನ ದಕ್ಷಿಣಕ್ಕೆ ಮೂರು ದೇಶಗಳಿವೆ: ಜಾರ್ಜಿಯಾ (ಅಮೆರಿಕದ ರಾಜ್ಯ ಅಲ್ಲ), ಅರ್ಮೇನಿಯಾ, ಅಜರ್ಬೈಜಾನ್. ಮೂರನ್ನೂ ಸೇರಿಸಿದರೆ ಸುಮಾರು 1,86,000 ಚದರ ಕಿಲೋಮೀಟರ್. ಅಂದರೆ ನಮ್ಮ ಕರ್ನಾಟಕಕ್ಕಿಂತ ಸ್ವಲ್ಪ ಚಿಕ್ಕದು. ಉತ್ತರಕ್ಕೆ ರಷ್ಯಾ, ದಕ್ಷಿಣಕ್ಕೆ ಇರಾನ್, ಪಶ್ಚಿಮಕ್ಕೆ ಟರ್ಕಿ. ಮೂರು ದೊಡ್ಡ ಮನೆಗಳ ನಡುವಿನ ಓಣಿ ಇದ್ದ ಹಾಗೆ. 1813ರ ಗುಲಿಸ್ತಾನ್ ಮತ್ತು 1828ರ ತುರ್ಕ್‌ಮೆಂಚಾಯ್ ಒಪ್ಪಂದಗಳಲ್ಲಿ ರಷ್ಯಾ ಇದರ ದೊಡ್ಡ ಪಾಲನ್ನು ಇರಾನಿನಿಂದ ಕಿತ್ತುಕೊಂಡಿತು. ಆಮೇಲೆ ಜಾರ್‌ಗಳು, ಆಮೇಲೆ ಸೋವಿಯತ್ ಒಕ್ಕೂಟ, 1991ರಲ್ಲಿ ಸ್ವಾತಂತ್ರ್ಯ. ಅಷ್ಟು ಸಾಕು.

ಸೋವಿಯತ್ ಒಕ್ಕೂಟ ಒಡೆಯುವ ಹೊತ್ತಿಗೇ ಇಲ್ಲಿ ಜಗಳಗಳು ಹೊತ್ತಿಕೊಂಡವು. ಜಾರ್ಜಿಯಾದಲ್ಲಿ ಅಬ್ಖಾಜಿಯಾ ಮತ್ತು ದಕ್ಷಿಣ ಒಸ್ಸೆಟಿಯಾ ಬೇರೆಯಾಗಬೇಕು ಎಂದವು. ಅಜರ್ಬೈಜಾನಿನ ಒಳಗಿದ್ದ, ಆದರೆ ಅರ್ಮೇನಿಯನ್ನರೇ ಹೆಚ್ಚಾಗಿದ್ದ ಕರಬಾಖ್‌ಗಾಗಿ ದೊಡ್ಡ ಯುದ್ಧವೇ ನಡೆಯಿತು. 1994ರಲ್ಲಿ ಕದನವಿರಾಮ ಆದಾಗ ಅರ್ಮೇನಿಯನ್ನರ ಕೈ ಮೇಲಾಗಿತ್ತು. ಕರಬಾಖ್ ಜೊತೆಗೆ ಸುತ್ತಲಿನ ಅಜರ್ಬೈಜಾನಿ ಜಿಲ್ಲೆಗಳೂ ಅವರ ವಶದಲ್ಲಿದ್ದವು, ಅಲ್ಲಿಂದ ಲಕ್ಷಾಂತರ ಅಜರ್ಬೈಜಾನಿಗಳು ಓಡಿಹೋಗಿದ್ದರು. ಇದನ್ನು ಮರೆತು 2023ರದ್ದನ್ನು ಮಾತ್ರ ಹೇಳಿದರೆ ಅನ್ಯಾಯವಾಗುತ್ತದೆ.

ಇಲ್ಲಿಂದ ರಷ್ಯಾದ ಜಾಣತನ ಶುರು. ನಮ್ಮ ಹಳ್ಳಿಗಳಲ್ಲಿ ಅಣ್ಣತಮ್ಮಂದಿರ ಬದುವಿನ ಜಗಳ ಇರುತ್ತಲ್ಲ, ಅದನ್ನು ನೆನಪಿಸಿಕೊಳ್ಳಿ. ಇಬ್ಬರೂ ಪಟೇಲರ ಜಗಲಿಗೆ ಬರುತ್ತಾರೆ. ಪಟೇಲರು ಇಬ್ಬರಿಗೂ ಮಜ್ಜಿಗೆ ಕೊಡುತ್ತಾರೆ, ಇಬ್ಬರ ಮಾತಿಗೂ ತಲೆದೂಗುತ್ತಾರೆ, ಬದು ಎಲ್ಲಿ ಅಂತ ಮಾತ್ರ ಹೇಳುವುದಿಲ್ಲ. ಹೇಳಿಬಿಟ್ಟರೆ ನಾಳೆಯಿಂದ ಜಗಲಿಗೆ ಯಾರು ಬರುತ್ತಾರೆ? ಮಾಸ್ಕೋ ಮೂವತ್ತು ವರ್ಷ ಮಾಡಿದ್ದು ಇದನ್ನೇ. ಅರ್ಮೇನಿಯಾ ರಷ್ಯಾದ ಸೇನಾ ಮಿತ್ರ. ಅದರ ಗ್ಯುಮ್ರಿ ಪಟ್ಟಣದಲ್ಲಿ ರಷ್ಯಾದ 102ನೇ ಸೇನಾ ನೆಲೆ ಇದೆ, ಗುತ್ತಿಗೆ 2044ರವರೆಗೆ. ಅದೇ ಹೊತ್ತಿಗೆ ಅಜರ್ಬೈಜಾನಿಗೂ ರಷ್ಯಾ ಟ್ಯಾಂಕು, ರಾಕೆಟ್ಟು ಮಾರುತ್ತಿತ್ತು. ಸಣ್ಣ ಲೆಕ್ಕವಲ್ಲ, 2013ರಲ್ಲಿ ಅಜರ್ಬೈಜಾನ್ ಅಧ್ಯಕ್ಷ ಇಲ್ಹಾಮ್ ಅಲಿಯೆವ್ ಅವರೇ ಈ ವ್ಯವಹಾರ 4 ಬಿಲಿಯನ್ ಡಾಲರ್‌ನಷ್ಟಿದೆ ಎಂದಿದ್ದರು. ಇಬ್ಬರಿಗೂ ದೊಣ್ಣೆ ಮಾರಿ, ಇಬ್ಬರಿಗೂ ಬುದ್ಧಿ ಹೇಳುವ ಕೆಲಸ.

ಇದನ್ನು ಬರೀ ಕುತಂತ್ರ ಅಂತ ತಳ್ಳಿಹಾಕುವುದು ಸುಲಭ. ಆದರೆ ಈ ಸಮತೋಲನ ಇದ್ದಷ್ಟು ದಿನ ದೊಡ್ಡ ಯುದ್ಧ ಆಗಲಿಲ್ಲ ಅನ್ನೋದೂ ನಿಜ. ಎರಡೂ ಕಡೆಯವರಿಗೆ ಮಾಸ್ಕೋ ಕಂಡರೆ ಹೆದರಿಕೆಯಿತ್ತು.

ಆ ಹೆದರಿಕೆ ಯಾವಾಗ ಕರಗಿತು? 2020ರ ಸೆಪ್ಟೆಂಬರ್ 27ಕ್ಕೆ ಅಜರ್ಬೈಜಾನ್ ಯುದ್ಧ ಶುರು ಮಾಡಿತು. ಎಣ್ಣೆ ದುಡ್ಡು, ಟರ್ಕಿಯ ಬೈರಕ್ತಾರ್ ಡ್ರೋನ್, ಇಸ್ರೇಲಿನ ಆಯುಧ. 44 ದಿನದಲ್ಲಿ ಶೂಶಾ ಎಂಬ ಬೆಟ್ಟದ ಮೇಲಿನ ಪಟ್ಟಣ ಕೈಗೆ ಬಂತು. ಅಲ್ಲಿಂದ ಕರಬಾಖ್ ರಾಜಧಾನಿ ಕಾಲಡಿಯಲ್ಲೇ ಕಾಣುತ್ತದೆ. ಆಗ ಪುಟಿನ್ ನಡುವೆ ಬಂದು ನಿಲ್ಲಿಸಿದರು, 1,960 ಸೈನಿಕರನ್ನು ತಂದು ಕೂರಿಸಿದರು. ಅವತ್ತು ಎಷ್ಟೋ ಜನ ಇದನ್ನು ರಷ್ಯಾದ ಗೆಲುವು ಎಂದೇ ಬರೆದರು. ಮೂರೂ ದೇಶಗಳಲ್ಲಿ ಈಗ ರಷ್ಯಾದ ಬೂಟು ಇದೆಯಲ್ಲ ಅಂತ. ಜಗಳ ಇನ್ನೂ ಅರ್ಧ ಉಳಿದಿತ್ತು, ಜಗಲಿ ಇನ್ನೂ ತುಂಬಿತ್ತು.

ಆಮೇಲೆ ಉಕ್ರೇನ್. 2022ರ ಫೆಬ್ರವರಿ 22ರಂದು ಅಲಿಯೆವ್ ಮಾಸ್ಕೋಗೆ ಹೋಗಿ ಪುಟಿನ್ ಜೊತೆ ಮೈತ್ರಿ ಘೋಷಣೆಗೆ ಸಹಿ ಹಾಕಿದರು. ಸರಿಯಾಗಿ ಎರಡು ದಿನಕ್ಕೆ ರಷ್ಯಾದ ಟ್ಯಾಂಕುಗಳು ಉಕ್ರೇನಿಗೆ ನುಗ್ಗಿದವು. ಕೆಲವೇ ತಿಂಗಳಲ್ಲಿ ಲೆಕ್ಕ ತಲೆಕೆಳಗಾಯಿತು. ಪಶ್ಚಿಮದ ಬಾಗಿಲು ಮುಚ್ಚಿದ ಮೇಲೆ ರಷ್ಯಾಕ್ಕೆ ಇರಾನ್ ಮತ್ತು ಭಾರತದ ಕಡೆ ಹೋಗುವ ದಾರಿ ಬೇಕಾಯಿತು. ಆ ದಾರಿಯ ಮುಖ್ಯ ರೈಲು ಹಳಿ ಅಜರ್ಬೈಜಾನ್ ಮೂಲಕವೇ ಹೋಗುತ್ತದೆ. 2000ನೇ ಇಸವಿಯಲ್ಲಿ ಭಾರತ, ಇರಾನ್, ರಷ್ಯಾ ಸೇರಿ ಶುರು ಮಾಡಿದ ಉತ್ತರ-ದಕ್ಷಿಣ ಸಾರಿಗೆ ಕಾರಿಡಾರ್ ಇದೇ. ಅದರಲ್ಲಿ ಇರಾನಿನ ರಶ್ತ್‌ನಿಂದ ಗಡಿಯ ಅಸ್ತಾರಾವರೆಗಿನ 162 ಕಿ.ಮೀ. ಹಳಿ ಇನ್ನೂ ಬಾಕಿ. 2023ರ ಮೇ ತಿಂಗಳಲ್ಲಿ ರಷ್ಯಾ ತಾನೇ ದುಡ್ಡು ಹಾಕಿ ಅದನ್ನು ಮಾಡಿಸಲು ಒಪ್ಪಿತು. ಅಂದರೆ ಇಷ್ಟು ದಿನ ಅಜರ್ಬೈಜಾನಿಗೆ ರಷ್ಯಾ ಬೇಕಿತ್ತು, ಈಗ ರಷ್ಯಾಕ್ಕೇ ಅಜರ್ಬೈಜಾನ್ ಜಾಸ್ತಿ ಬೇಕಾಯಿತು. ಅದನ್ನು ಅಲಿಯೆವ್ ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಂಡರು ಅಂತ ನನ್ನ ಅನಿಸಿಕೆ.

2022ರ ಡಿಸೆಂಬರ್‌ನಿಂದ ಲಾಚಿನ್ ರಸ್ತೆ, ಅಂದರೆ ಕರಬಾಖ್‌ನಿಂದ ಅರ್ಮೇನಿಯಾಕ್ಕೆ ಇಳಿಯುವ ಆ ಒಂದೇ ರಸ್ತೆ, ಬಂದ್. ಒಂಬತ್ತು ತಿಂಗಳು ಕರಬಾಖ್‌ಗೆ ಊಟ, ಔಷಧಿ, ಪೆಟ್ರೋಲ್ ಎಲ್ಲಕ್ಕೂ ತತ್ವಾರ. 2023ರ ಸೆಪ್ಟೆಂಬರ್ 19ಕ್ಕೆ ದಾಳಿ, 20ಕ್ಕೆ ಶರಣಾಗತಿ. ಮೂವತ್ತು ವರ್ಷದ ಜಗಳ ಒಂದು ದಿನದಲ್ಲಿ ಮುಗಿಯಿತು. ಆ ಗಲಾಟೆಯಲ್ಲಿ ರಷ್ಯಾದ ಶಾಂತಿಪಾಲಕರಿದ್ದ ವಾಹನಕ್ಕೂ ಅಜರ್ಬೈಜಾನಿ ಸೈನಿಕರ ಗುಂಡು ಬಿತ್ತು. ಒಬ್ಬ ಹಿರಿಯ ನೌಕಾಪಡೆ ಅಧಿಕಾರಿಯೂ ಸೇರಿ ಹಲವರು ಸತ್ತರು. ಅಲಿಯೆವ್ ಪುಟಿನ್‌ಗೆ ಫೋನ್ ಮಾಡಿ ಕ್ಷಮೆ ಕೇಳಿದರು. ಮಾಸ್ಕೋ ಸರಿ ಬಿಡಿ ಎಂದಿತು. ಅಷ್ಟೇ.

ಈಗ ಇನ್ನೊಂದು ಕ್ಷಮೆ ನೋಡಿ. 2024ರ ಡಿಸೆಂಬರ್ 25. ಅಜರ್ಬೈಜಾನಿನ ರಾಜಧಾನಿ ಬಾಕುವಿನಿಂದ ರಷ್ಯಾದ ಗ್ರೋಜ್ನಿಗೆ ಹೊರಟ ಅಜರ್ಬೈಜಾನ್ ಏರ್‌ಲೈನ್ಸ್ ವಿಮಾನ ಇಳಿಯಲಾಗದೆ, ಏಟು ತಿಂದು, ಕ್ಯಾಸ್ಪಿಯನ್ ದಾಟಿ ಕಜಕಿಸ್ತಾನದ ಅಕ್ತಾವು ಹತ್ತಿರ ಬಿತ್ತು. 67 ಜನರಲ್ಲಿ 38 ಜನ ಸತ್ತರು. ಪುಟಿನ್ ಮೂರು ದಿನಕ್ಕೆ ಫೋನ್ ಮಾಡಿ, ನಮ್ಮ ವಾಯುಪ್ರದೇಶದಲ್ಲಿ ಹೀಗಾಯಿತು, ಕ್ಷಮಿಸಿ ಎಂದರು. ಅಲಿಯೆವ್ ಸಾಲದು ಎಂದರು. ತಪ್ಪು ಒಪ್ಪಿಕೊಳ್ಳಿ, ಮಾಡಿದವರನ್ನು ಶಿಕ್ಷಿಸಿ, ಪರಿಹಾರ ಕೊಡಿ ಎಂದು ಬಹಿರಂಗವಾಗಿ ಕೇಳಿದರು. 2025ರ ಜೂನ್‌ನಲ್ಲಿ ರಷ್ಯಾದ ಎಕಟೆರಿನ್‌ಬರ್ಗ್‌ನಲ್ಲಿ ಪೊಲೀಸ್ ದಾಳಿಯಾದಾಗ ಅಜರ್ಬೈಜಾನಿ ಮೂಲದ ಇಬ್ಬರು ಸೋದರರು ಸತ್ತರು. ಬಾಕು ಸುಮ್ಮನೆ ಕೂರಲಿಲ್ಲ, ರಷ್ಯಾದ ಸರ್ಕಾರಿ ಸುದ್ದಿಸಂಸ್ಥೆ ಸ್ಪುಟ್ನಿಕ್‌ನ ಸ್ಥಳೀಯ ಕಚೇರಿಗೆ ನುಗ್ಗಿ ಸಿಬ್ಬಂದಿಯನ್ನೇ ಬಂಧಿಸಿತು. ಕೊನೆಗೆ ಅಕ್ಟೋಬರ್‌ನಲ್ಲಿ ತಜಿಕಿಸ್ತಾನದ ದುಶಾಂಬೆಯಲ್ಲಿ ಪುಟಿನ್ ಅಲಿಯೆವ್ ಪಕ್ಕದಲ್ಲೇ ಕೂತು, ನಮ್ಮ ಕ್ಷಿಪಣಿಗಳು ಆ ವಿಮಾನದ ಹತ್ತಿರವೇ ಸಿಡಿದವು ಎಂದು ಒಪ್ಪಿಕೊಂಡರು.

ಒಂದು ಕ್ಷಮೆಗೂ ಇನ್ನೊಂದಕ್ಕೂ ನಡುವೆ ಹದಿನೈದು ತಿಂಗಳು. ಯಾರು ಯಾರನ್ನು ಕೇಳಿದರು, ಎಷ್ಟು ಬೇಗ ಒಪ್ಪಿಗೆ ಸಿಕ್ಕಿತು ಅಂತ ನೋಡಿದರೆ ಸಾಕು. ಯಾವ ವಿಶ್ಲೇಷಣೆಯೂ ಬೇಕಾಗಿಲ್ಲ.

ಅರ್ಮೇನಿಯಾದ ಕಥೆ ಬೇರೆ ರೀತಿ ನೋವಿನದು. 2022ರ ಜನವರಿಯಲ್ಲಿ ಕಜಕಿಸ್ತಾನದಲ್ಲಿ ದಂಗೆಯಾದಾಗ ರಷ್ಯಾ ನೇತೃತ್ವದ ಸಾಮೂಹಿಕ ಭದ್ರತಾ ಒಕ್ಕೂಟ ಕೂಡಲೇ ಸೈನ್ಯ ಕಳಿಸಿತು. ಆಗ ಆ ಒಕ್ಕೂಟದ ಅಧ್ಯಕ್ಷ ಸ್ಥಾನದಲ್ಲಿದ್ದವರು ಅರ್ಮೇನಿಯಾದ ಪ್ರಧಾನಿ ನಿಕೋಲ್ ಪಶಿನ್ಯಾನ್, ಸೈನ್ಯ ಹೋಗುತ್ತದೆ ಅಂತ ಪ್ರಕಟಿಸಿದ್ದೂ ಅವರೇ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಜರ್ಬೈಜಾನ್ ಈ ಸಲ ಕರಬಾಖ್ ಅಲ್ಲ, ನೇರವಾಗಿ ಅರ್ಮೇನಿಯಾದ ನೆಲದ ಮೇಲೆಯೇ ದಾಳಿ ಮಾಡಿತು. ಪಶಿನ್ಯಾನ್ ಅದೇ ಒಕ್ಕೂಟದ ಬಾಗಿಲು ತಟ್ಟಿದರು. ಪರಿಶೀಲನಾ ತಂಡ ಬಂತು, ಸೈನ್ಯ ಬರಲಿಲ್ಲ. 2024ರ ಫೆಬ್ರವರಿಯಲ್ಲಿ ಪಶಿನ್ಯಾನ್ ಒಕ್ಕೂಟದಲ್ಲಿ ನಮ್ಮ ಭಾಗವಹಿಸುವಿಕೆ ಸ್ಥಗಿತ ಎಂದರು. ಅದೇ ತಿಂಗಳು ಅರ್ಮೇನಿಯಾ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಸದಸ್ಯ ದೇಶವೂ ಆಯಿತು. ಪುಟಿನ್ ಮೇಲೆ ಬಂಧನ ವಾರಂಟ್ ಹೊರಡಿಸಿರುವುದು ಅದೇ ನ್ಯಾಯಾಲಯ. ರಾಜಧಾನಿ ಯೆರೆವಾನ್‌ನ ವಿಮಾನ ನಿಲ್ದಾಣದಲ್ಲಿದ್ದ ರಷ್ಯಾದ ಗಡಿ ಕಾವಲುಗಾರರನ್ನೂ ಮನೆಗೆ ಕಳಿಸಿದರು.

ರಷ್ಯಾದ ವಾದವನ್ನೂ ಹೇಳಬೇಕು. 2022ರ ಅಕ್ಟೋಬರ್‌ನಲ್ಲಿ ಪ್ರಾಗ್‌ನಲ್ಲಿ ಅಜರ್ಬೈಜಾನಿನ ಗಡಿಯನ್ನು ಪಶಿನ್ಯಾನ್ ಅವರೇ ಒಪ್ಪಿಕೊಂಡರಲ್ಲ, ಕರಬಾಖ್ ಅವರದೇ ಅಂತ ನೀವೇ ಒಪ್ಪಿದ ಮೇಲೆ ನಾವು ಯಾರಿಗಾಗಿ ಹೊಡೆದಾಡಬೇಕಿತ್ತು ಅಂತ ಮಾಸ್ಕೋ ಕೇಳುತ್ತದೆ. ಕಾಗದದ ಮೇಲೆ ಸರಿಯಾದ ಪ್ರಶ್ನೆ. ಆದರೆ ಅರ್ಮೇನಿಯಾದ ಒಳಗಿನ ಊರುಗಳ ಮೇಲೆ ದಾಳಿಯಾದಾಗಲೂ ಬರಲಿಲ್ಲವಲ್ಲ ಅನ್ನೋದಕ್ಕೆ ಆ ಕಡೆಯಿಂದ ಉತ್ತರವಿಲ್ಲ.

ಆಯುಧದ ವಿಷಯದಲ್ಲೂ ಹೀಗೇ. ನೂರಾರು ಮಿಲಿಯನ್ ಡಾಲರ್ ಕೊಟ್ಟೆವು, ಮಾಲು ಬರಲಿಲ್ಲ ಅಂತ ಪಶಿನ್ಯಾನ್ ಬಹಿರಂಗವಾಗಿಯೇ ಹೇಳಿದರು. ಆ ಜಾಗಕ್ಕೆ ಬಂದದ್ದು ಫ್ರಾನ್ಸ್ ಮತ್ತು ಭಾರತ. ಪಿನಾಕಾ ರಾಕೆಟ್, ಆಕಾಶ್ ಕ್ಷಿಪಣಿ, ಅದಕ್ಕೂ ಮೊದಲು 2020ರಲ್ಲೇ ಸ್ವಾತಿ ರಾಡಾರ್. ಶತ್ರುವಿನ ಫಿರಂಗಿ ಎಲ್ಲಿಂದ ಹಾರಿತು ಅಂತ ಹುಡುಕಿ ಹೇಳುವ ಈ ರಾಡಾರ್‌ನ ವಿನ್ಯಾಸ ಮಾಡಿದ್ದು ಬೆಂಗಳೂರಿನ ಡಿಆರ್‌ಡಿಓ ಪ್ರಯೋಗಾಲಯ, ತಯಾರಿಸಿದ್ದು ಬಿಇಎಲ್. ಇದೇ ನಂಟಿನ ಇನ್ನೊಂದು ಮುಖವನ್ನು 2025ರ ಮೇನಲ್ಲಿ ನೋಡಿದೆವು. ಆಪರೇಷನ್ ಸಿಂಧೂರದ ಹೊತ್ತಿಗೆ ಅಜರ್ಬೈಜಾನ್ ಪಾಕಿಸ್ತಾನದ ಪರ ನಿಂತದ್ದಕ್ಕೆ ನಮ್ಮ ಜನ ಬಾಕು ಪ್ರವಾಸದ ಬುಕಿಂಗ್ ರದ್ದು ಮಾಡಿದರು, ವಾಟ್ಸಾಪ್ ಗ್ರೂಪುಗಳಲ್ಲಿ ಬಹಿಷ್ಕಾರದ ಮೆಸೇಜು ಓಡಾಡಿದವು. ತಮಾಷೆ ಏನೆಂದರೆ ನಮ್ಮ ಸರಕು ರಷ್ಯಾಕ್ಕೆ ಹೋಗಬೇಕಾದ ಹಳಿ ಇರುವುದು ಅದೇ ಅಜರ್ಬೈಜಾನಿನಲ್ಲಿ, ಬಾಕುವಿನ ಹತ್ತಿರದ ಸಮುದ್ರದ ಎಣ್ಣೆ ಬಾವಿಗಳಲ್ಲಿ ನಮ್ಮ ಒಎನ್‌ಜಿಸಿ ವಿದೇಶ್‌ಗೂ ಪಾಲಿದೆ.

ಇನ್ನು 2025ರ ಆಗಸ್ಟ್ 8. ವಾಷಿಂಗ್ಟನ್‌ನಲ್ಲಿ ಟ್ರಂಪ್ ಎದುರು ಅಲಿಯೆವ್ ಮತ್ತು ಪಶಿನ್ಯಾನ್ ಕೈಕುಲುಕಿದರು. ಎರಡೂ ದೇಶದ ವಿದೇಶಾಂಗ ಸಚಿವರು ಶಾಂತಿ ಒಪ್ಪಂದದ ಕರಡಿಗೆ ಚಿಕ್ಕ ಸಹಿ ಹಾಕಿದರು, ಪೂರ್ತಿ ಸಹಿ ಇನ್ನೂ ಬಾಕಿ. ಜೊತೆಗೆ ಅರ್ಮೇನಿಯಾದ ದಕ್ಷಿಣ ತುದಿಯಲ್ಲಿ, ಇರಾನ್ ಗಡಿಗೆ ಅಂಟಿಕೊಂಡು, ಅಜರ್ಬೈಜಾನನ್ನು ಅದರದ್ದೇ ತುಂಡಾದ ನಖ್ಚಿವಾನ್‌ಗೆ ಸೇರಿಸುವ ಸುಮಾರು 40 ಕಿ.ಮೀ. ದಾರಿಯನ್ನು ಅಮೆರಿಕದ ಪಾಲುದಾರಿಕೆಯಲ್ಲಿ ಮಾಡುವುದು ಅಂತಾಯಿತು. ಹೆಸರಲ್ಲೇ ಟ್ರಂಪ್ ಇದ್ದಾರೆ, ಕೇಳಬೇಕೇ! ಆದರೆ 2020ರ ಒಪ್ಪಂದದಲ್ಲಿ ಇದೇ ದಾರಿಯ ಉಸ್ತುವಾರಿ ರಷ್ಯಾದ ಭದ್ರತಾ ಸಂಸ್ಥೆ ಎಫ್‌ಎಸ್‌ಬಿಯ ಗಡಿಪಡೆಗೆ ಅಂತ ಬರೆದಿತ್ತು. ಐದೇ ವರ್ಷದಲ್ಲಿ ಆ ಜಾಗಕ್ಕೆ ಬೇರೆಯವರ ಹೆಸರು ಬಂತು, ರಷ್ಯಾ ಆ ಕೋಣೆಯಲ್ಲೇ ಇರಲಿಲ್ಲ. ಹೊರಗಿನವರು ಬರಬಾರದು ಅನ್ನೋದು ಕಾಕಸಸ್‌ನಲ್ಲಿ ಮಾಸ್ಕೋದ ಮೊದಲ ನಿಯಮವಾಗಿತ್ತು.

ಹಾಗಾದರೆ ಮುಂದೆ ಏನು?

ಜಾಸ್ತಿ ಜನ ಹೆದರುವುದು ಒಂದಕ್ಕೆ: ಉಕ್ರೇನ್ ಯುದ್ಧ ಮುಗಿದ ಮೇಲೆ ಕೈ ಬಿಡುವಾದ ರಷ್ಯಾ ಇತ್ತ ತಿರುಗಿ ಬಲಪ್ರಯೋಗ ಮಾಡುತ್ತದೆ ಅಂತ. 2008ರ ಆಗಸ್ಟ್‌ನಲ್ಲಿ ಜಾರ್ಜಿಯಾ ಮೇಲೆ ಐದು ದಿನದ ಯುದ್ಧ ಮಾಡಿದ ನೆನಪು ಎಲ್ಲರಿಗೂ ಇದೆ. ನನಗೆ ಇದು ಅಷ್ಟು ಹತ್ತಿರದ ಸಾಧ್ಯತೆ ಅನ್ನಿಸುವುದಿಲ್ಲ. ಮ್ಯಾಪ್ ನೋಡಿ. ರಷ್ಯಾಕ್ಕೂ ಅರ್ಮೇನಿಯಾಕ್ಕೂ ಗಡಿಯೇ ಇಲ್ಲ. ಗ್ಯುಮ್ರಿಯ ಸೈನಿಕರಿಗೆ ಒಂದು ಗುಂಡು ತಲುಪಿಸಬೇಕಾದರೂ ಬೇರೆ ದೇಶದ ನೆಲವೋ ಆಕಾಶವೋ ಬೇಕು. ಅಜರ್ಬೈಜಾನ್ ಜೊತೆ ಗಡಿ ಇದೆ ನಿಜ, ಆದರೆ 2021ರ ಶೂಶಾ ಘೋಷಣೆಯಲ್ಲಿ ಟರ್ಕಿ ಅದರ ಬೆನ್ನಿಗೆ ನಿಲ್ಲುತ್ತೇನೆ ಎಂದು ಬರೆದುಕೊಟ್ಟಿದೆ. ನ್ಯಾಟೋ ಸದಸ್ಯನಾದ, ಆದರೂ ರಷ್ಯಾ ಜೊತೆ ವ್ಯಾಪಾರ ಬಿಡದ ಟರ್ಕಿಯನ್ನು ಮಾಸ್ಕೋ ಎದುರು ಹಾಕಿಕೊಳ್ಳುತ್ತದೆಯೇ? ಹಾಗೆ ಮಾಡಿದರೆ ಇರಾನ್ ಕಡೆಯ ಹಳಿಯನ್ನೂ ತಾನೇ ಕಿತ್ತುಕೊಂಡ ಹಾಗೆ.

ನನ್ನ ಪ್ರಕಾರ ಹೆಚ್ಚು ಸಾಧ್ಯ ಇರುವುದು ನಲ್ಲಿ ತಿರುಗಿಸುವ ರಾಜಕೀಯ. ಸದ್ದಿಲ್ಲದ್ದು, ಟಿವಿಯಲ್ಲಿ ಕಾಣದ್ದು. ಅರ್ಮೇನಿಯಾದ ಅಡುಗೆ ಒಲೆಗೆ, ಚಳಿಗಾಲದ ಹೀಟರಿಗೆ ಗ್ಯಾಸ್ ಬರುವುದು ಬಹುಪಾಲು ರಷ್ಯಾದಿಂದ. ಮನೆಮನೆಗೆ ಹಂಚುವ ಕಂಪನಿಯೂ ರಷ್ಯಾದ ಸರ್ಕಾರಿ ಗ್ಯಾಸ್ ಕಂಪನಿ ಗಾಜ್‌ಪ್ರಾಮ್‌ನದ್ದೇ. ಗಡಿಯಲ್ಲಿ ಸಾವಿರ ಘನ ಮೀಟರಿಗೆ 165 ಡಾಲರ್, ಯುರೋಪಿನವರು ಕೇಳಿದರೆ ಹೊಟ್ಟೆಕಿಚ್ಚು ಪಡುವ ದರ. ಮೆಟ್ಸಮೋರ್ ಅಣುಸ್ಥಾವರಕ್ಕೆ ಇಂಧನ ರಷ್ಯಾದ್ದು. ರೈಲು ಜಾಲ 2008ರಿಂದ 30 ವರ್ಷಕ್ಕೆ ರಷ್ಯಾ ರೈಲ್ವೆಯ ಕೈಯಲ್ಲಿ. ದೇಶದ ವಿದೇಶ ವ್ಯಾಪಾರದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ರಷ್ಯಾ ಜೊತೆಗೆ. ರಷ್ಯಾದಲ್ಲಿ ದುಡಿದು ಮನೆಗೆ ದುಡ್ಡು ಕಳಿಸುವ ಅರ್ಮೇನಿಯನ್ನರು ಬೇರೆ. ಯುರೋಪಿಯನ್ ಒಕ್ಕೂಟ ಸೇರುವ ದಾರಿ ಹಿಡಿಯುತ್ತೇವೆ ಅಂತ 2025ರ ಮಾರ್ಚ್‌ನಲ್ಲಿ ಅರ್ಮೇನಿಯಾ ಸಂಸತ್ತು ಕಾನೂನನ್ನೇ ಪಾಸು ಮಾಡಿದೆ, ಆದರೆ 2015ರಿಂದ ರಷ್ಯಾದ ಯುರೇಷಿಯನ್ ಆರ್ಥಿಕ ಒಕ್ಕೂಟದಲ್ಲಿ ಇರುವುದನ್ನು ಬಿಟ್ಟಿಲ್ಲ. ಬಿಡುವುದು ಸುಲಭವಲ್ಲ.

ಇದಕ್ಕೆಲ್ಲ ಕಿರೀಟ ಇಟ್ಟ ಹಾಗೆ ಲಾರ್ಸ್ ಗೇಟು. ಟರ್ಕಿ ತನ್ನ ಗಡಿಯನ್ನು 1993ರಲ್ಲೇ ಮುಚ್ಚಿದೆ, ಅಜರ್ಬೈಜಾನ್ ಗಡಿಯೂ ಮುಚ್ಚಿದೆ. ಅರ್ಮೇನಿಯಾದ ಏಪ್ರಿಕಾಟ್, ಬ್ರಾಂದಿ, ಮೀನು ಎಲ್ಲ ಲಾರಿ ಹತ್ತಿ ಜಾರ್ಜಿಯಾ ದಾಟಿ, ದರಿಯಾಲ್ ಕಣಿವೆಯ ಮೇಲಿನ ಲಾರ್ಸ್ ಎಂಬ ಒಂದೇ ಚೆಕ್‌ಪೋಸ್ಟ್ ಮೂಲಕ ರಷ್ಯಾ ಸೇರಬೇಕು. ಚಳಿಗಾಲದಲ್ಲಿ ಹಿಮ ಜಾರಿದರೆ ಅಲ್ಲೇ ಬಂದ್. ಹಿಮ ಇಲ್ಲದಿದ್ದರೂ ರಷ್ಯಾದ ಆಹಾರ ಇಲಾಖೆಗೆ ಒಮ್ಮೊಮ್ಮೆ ಹಣ್ಣಿನಲ್ಲಿ ಹುಳ ಕಾಣುತ್ತದೆ, ಹೂವಿನಲ್ಲಿ ರೋಗ ಕಾಣುತ್ತದೆ. ಆ ಹುಳ ಕಾಣಿಸಿಕೊಳ್ಳುವುದಕ್ಕೂ ಯೆರೆವಾನ್‌ನ ರಾಜಕೀಯಕ್ಕೂ ಯಾವಾಗಲೂ ಏನೋ ಒಂದು ನಂಟು!

ಈ ನಲ್ಲಿಗೂ ಒಂದು ಮಿತಿಯಿದೆ. 2006ರಲ್ಲಿ ರಷ್ಯಾ ಜಾರ್ಜಿಯಾದ ವೈನ್ ಮತ್ತು ಬೊರ್ಜೋಮಿ ಮಿನರಲ್ ನೀರನ್ನು ನಿಷೇಧಿಸಿತು. ಜಾರ್ಜಿಯಾ ನರಳಿತು, ಆದರೆ ಏಳು ವರ್ಷದಲ್ಲಿ ವೈನಿನ ಗುಣಮಟ್ಟ ಸುಧಾರಿಸಿಕೊಂಡು ಬೇರೆ ಮಾರುಕಟ್ಟೆ ಹುಡುಕಿಕೊಂಡಿತು. ಇಷ್ಟು ಹೇಳಿ ನಿಲ್ಲಿಸಿದರೆ ಧೈರ್ಯ ತುಂಬುವ ಕಥೆ. ಆದರೆ 2013ರಲ್ಲಿ ನಿಷೇಧ ತೆಗೆದರು, ಈಗ ಜಾರ್ಜಿಯಾ ರಫ್ತು ಮಾಡುವ ವೈನಿನಲ್ಲಿ ಅರ್ಧಕ್ಕಿಂತ ಹೆಚ್ಚು ಮತ್ತೆ ರಷ್ಯಾಕ್ಕೇ ಹೋಗುತ್ತದೆ. ಹತ್ತಿರದ ಸಂತೆ ಬಿಟ್ಟು ದೂರದ ಸಂತೆಗೆ ಯಾವ ರೈತ ಎಷ್ಟು ದಿನ ಹೋದಾನು?

ಜಾರ್ಜಿಯಾ ಅಂದಾಗ ನೆನಪಾಯಿತು, ರಷ್ಯಾಕ್ಕೆ ತೀರಾ ಅನುಕೂಲವಾಗಿ ಒದಗಿಬಂದಿರುವುದು ಅಲ್ಲಿಯೇ, ಅದೂ ಹೆಚ್ಚು ಶ್ರಮವಿಲ್ಲದೆ. ಅಬ್ಖಾಜಿಯಾ, ದಕ್ಷಿಣ ಒಸ್ಸೆಟಿಯಾ ಸೇರಿ ದೇಶದ ಐದನೇ ಒಂದು ಭಾಗ ರಷ್ಯಾದ ಹಿಡಿತದಲ್ಲಿದೆ. 2008ರಿಂದ ಎರಡೂ ದೇಶಗಳ ನಡುವೆ ರಾಜತಾಂತ್ರಿಕ ಸಂಬಂಧವೇ ಇಲ್ಲ, ಏನಾದರೂ ಹೇಳಬೇಕಾದರೆ ಸ್ವಿಟ್ಜರ್ಲೆಂಡ್ ಮೂಲಕ ಹೇಳಬೇಕು. ಆದರೂ 2012ರಿಂದ ಅಧಿಕಾರದಲ್ಲಿರುವ ಜಾರ್ಜಿಯನ್ ಡ್ರೀಮ್ ಪಕ್ಷ ನಿಧಾನವಾಗಿ ಪಶ್ಚಿಮದಿಂದ ದೂರ ಸರಿಯುತ್ತಿದೆ. ಆ ಪಕ್ಷ ಕಟ್ಟಿದ ಬಿಡ್ಜಿನಾ ಇವಾನಿಶ್ವಿಲಿ 1990ರ ದಶಕದ ರಷ್ಯಾದಲ್ಲಿ ಶ್ರೀಮಂತರಾದವರು. 2023ರ ಡಿಸೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟ ಜಾರ್ಜಿಯಾಕ್ಕೆ ಅಭ್ಯರ್ಥಿ ಸ್ಥಾನ ಕೊಟ್ಟಿತು. ಒಂದು ವರ್ಷ ತುಂಬುವ ಮೊದಲೇ, 2024ರ ನವೆಂಬರ್ 28ಕ್ಕೆ, 2028ರವರೆಗೆ ಮಾತುಕತೆಯೇ ಬೇಡ ಅಂತ ಪ್ರಧಾನಿ ಕೊಬಾಖಿಡ್ಜೆ ಹೇಳಿದರು. ಅವತ್ತು ರಾತ್ರಿ ರಾಜಧಾನಿ ಟಿಬಿಲಿಸಿಯ ರುಸ್ತಾವೇಲಿ ರಸ್ತೆಗೆ ಇಳಿದ ಜನ ಒಂದು ವರ್ಷ ಕಳೆದರೂ ಪ್ರತಿಭಟನೆ ಬಿಟ್ಟಿಲ್ಲ.

ಈ ಸರ್ಕಾರ ರಷ್ಯಾದ ಕೈಗೊಂಬೆ ಅಂತ ವಿರೋಧಿಗಳು ಹೇಳುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಗೊಂಬೆಗೆ ದಾರ ಬೇಕು, ಇಲ್ಲಿ ದಾರವೇ ಬೇಕಾಗಿಲ್ಲ. ಅಧಿಕಾರ ಬಿಡಲು ಮನಸ್ಸಿಲ್ಲದವರಿಗೆ ಯುರೋಪಿನ ಷರತ್ತುಗಳು ಕಷ್ಟ, ಮಾಸ್ಕೋ ಷರತ್ತು ಹಾಕುವುದಿಲ್ಲ. ಎರಡು ಕಡೆಯ ಲಾಭ ತಾನಾಗಿಯೇ ಕೂಡಿ ಬಂದಿದೆ. ರಷ್ಯಾ 2023ರಲ್ಲಿ ಜಾರ್ಜಿಯನ್ನರಿಗೆ ವೀಸಾ ಬೇಡ ಎಂದಿತು, ನೇರ ವಿಮಾನ ಬಿಟ್ಟಿತು, ಅಷ್ಟರಲ್ಲೇ ಕೆಲಸ ಮುಗಿಯಿತು. ಮಾಸ್ಕೋದ ಯಾವುದೋ ಕಚೇರಿಯಲ್ಲಿ ಇದನ್ನು ನೋಡಿ, ಅರ್ಮೇನಿಯಾದಲ್ಲೂ ಹೀಗೇ ಆದರೆ ಎಷ್ಟು ಚೆನ್ನ ಅಂತ ಯಾರೋ ಖಂಡಿತ ಅಂದುಕೊಳ್ಳುತ್ತಿರುತ್ತಾರೆ.

ಅದಕ್ಕೇ 2026ರ ಜೂನ್‌ನಲ್ಲಿ ಬರಲಿರುವ ಅರ್ಮೇನಿಯಾ ಚುನಾವಣೆ ಮುಖ್ಯ. ಪಶಿನ್ಯಾನ್ ಮೇಲೆ ಕರಬಾಖ್ ಕಳೆದುಕೊಂಡ ಸಿಟ್ಟು ಇದೆ. ಅರ್ಮೇನಿಯನ್ ಚರ್ಚಿನ ಮುಖ್ಯಸ್ಥರ ಜೊತೆ ಅವರಿಗೆ ಬಹಿರಂಗ ಜಗಳ, ಕೆಲವು ಆರ್ಚ್‌ಬಿಷಪ್‌ಗಳು ಜೈಲಿಗೂ ಹೋಗಿದ್ದಾರೆ. ರಷ್ಯಾದಲ್ಲಿ ಸಂಪತ್ತು ಮಾಡಿದ, ಅರ್ಮೇನಿಯಾದ ವಿದ್ಯುತ್ ಜಾಲದ ಮಾಲೀಕರಾಗಿದ್ದ ಸ್ಯಾಮ್ವೆಲ್ ಕರಾಪೆಟ್ಯಾನ್ ಚರ್ಚಿನ ಪರ ಮಾತಾಡಿದ ಬೆನ್ನಿಗೇ 2025ರ ಜೂನ್‌ನಲ್ಲಿ ಅವರ ಬಂಧನವಾಯಿತು, ಜಾಲದ ಆಡಳಿತವನ್ನು ಸರ್ಕಾರ ಕೈಗೆ ತೆಗೆದುಕೊಂಡಿತು. ಪಶಿನ್ಯಾನ್ ಪ್ರಜಾಪ್ರಭುತ್ವದ ಹೆಸರಿನಲ್ಲಿ ಬಂದವರು, ಈಗ ಅವರ ಕೈಯೂ ಸ್ವಲ್ಪ ಒರಟಾಗುತ್ತಿದೆ ಅಂತ ಹೇಳದೆ ವಿಧಿಯಿಲ್ಲ. ಅವರು ಸೋತರೆ ಮಾಸ್ಕೋಗೆ ಒಂದು ಗುಂಡೂ ಖರ್ಚಾಗದೆ ಬಾಗಿಲು ತೆರೆದಂತೆ.

ಆದರೆ ಪಶಿನ್ಯಾನ್ ಜಾಗಕ್ಕೆ ಯಾರು ಬಂದರೂ ಕರಬಾಖ್ ವಾಪಸ್ ಬರುವುದಿಲ್ಲ. ರಷ್ಯಾ ತರಿಸಿಕೊಡುತ್ತದೆ ಅಂತ ನಂಬುವವರೂ ಯೆರೆವಾನ್‌ನಲ್ಲಿ ಈಗ ಕಡಿಮೆ. ಹಿಂದೆ ರಷ್ಯಾ ಬೇಕಾಗಿದ್ದದ್ದು ಅಜರ್ಬೈಜಾನ್ ಭಯಕ್ಕೆ. ಆ ಭಯ ಹೋದರೆ? ಪೂರ್ತಿ ಹೋಗಿಲ್ಲ ಅನ್ನೋದೇ ಮಾಸ್ಕೋಗೆ ಉಳಿದಿರುವ ಕಿಡಿ. ಅರ್ಮೇನಿಯಾ ತನ್ನ ಸಂವಿಧಾನ ತಿದ್ದುವವರೆಗೆ ಶಾಂತಿ ಒಪ್ಪಂದಕ್ಕೆ ಪೂರ್ತಿ ಸಹಿ ಹಾಕಲ್ಲ ಅಂತ ಬಾಕು ಪಟ್ಟು ಹಿಡಿದಿದೆ. ಆ ಸಂವಿಧಾನ ಉಲ್ಲೇಖಿಸುವ ಸ್ವಾತಂತ್ರ್ಯ ಘೋಷಣೆಯಲ್ಲಿ ಕರಬಾಖ್ ಜೊತೆ ಒಂದಾಗುವ ಮಾತಿದೆ. ತಿದ್ದಲು ಜನಮತಗಣನೆ ಬೇಕು, ಅದು 2027ಕ್ಕೆ ಅಂತ ಮಾತು. ಸೋತ ಜನರನ್ನು ಮತಗಟ್ಟೆಗೆ ಕರೆದು ಸೋಲಿಗೆ ನೀವೇ ಮುದ್ರೆ ಒತ್ತಿ ಅಂದರೆ ಎಷ್ಟು ಜನ ಒತ್ತುತ್ತಾರೆ? ಅದು ಬಿದ್ದುಹೋದರೆ ಜಗಳ ಮತ್ತೆ ಅರ್ಧಜೀವ, ಪಟೇಲರ ಜಗಲಿಗೆ ಮತ್ತೆ ಜನ.

ಇನ್ನೊಂದು ಸಾಧ್ಯತೆಯೂ ಇದೆ, ಟರ್ಕಿ ಮತ್ತು ಇರಾನ್ ಜೊತೆ ಕೂತು ಓಣಿಯನ್ನು ಹಂಚಿಕೊಳ್ಳುವುದು. ಅದಕ್ಕೊಂದು ವೇದಿಕೆಯೂ ಇದೆ, ಮೂರು ದೊಡ್ಡವರು, ಮೂರು ಚಿಕ್ಕವರು ಅಂತ. ಜಾರ್ಜಿಯಾ ಅದಕ್ಕೆ ಬರುವುದೇ ಇಲ್ಲ. ಅಮೆರಿಕದ ದಾರಿ ತನ್ನ ಗಡಿಗೆ ಬರುವುದನ್ನು ಇರಾನ್ ಇಷ್ಟಪಡುವುದಿಲ್ಲ, ಆದರೆ 2025ರ ಜೂನ್‌ನಲ್ಲಿ ಇಸ್ರೇಲ್ ಜೊತೆ ನಡೆದ ಯುದ್ಧದ ಮೇಲೆ ಅದರ ಕೈಯಲ್ಲಿ ಶಕ್ತಿ ಕಡಿಮೆ. ಟರ್ಕಿಗೆ ಆ ದಾರಿ ಆಗಲೇಬೇಕು. ಹೀಗೆ ಒಬ್ಬೊಬ್ಬರದು ಒಂದೊಂದು ಕಡೆ ಎಳೆತ, ಈ ವೇದಿಕೆಯಿಂದ ದೊಡ್ಡದೇನೂ ಹುಟ್ಟೀತು ಅಂತ ನನಗೆ ನಂಬಿಕೆಯಿಲ್ಲ.

ನಲ್ಲಿ ತಿರುಗಿಸಿದರೆ ಏನಾಗುತ್ತದೆ ಅನ್ನೋದಕ್ಕೆ ಅಬ್ಖಾಜಿಯಾದ ಒಂದು ಘಟನೆ ಹೇಳಬೇಕು. ರಷ್ಯಾ ಬಿಟ್ಟರೆ ಗತಿಯಿಲ್ಲದ ಜಾಗ ಅದು. ಆದರೂ 2024ರ ನವೆಂಬರ್‌ನಲ್ಲಿ, ರಷ್ಯಾದ ಹೂಡಿಕೆದಾರರಿಗೆ ವಿಶೇಷ ಸವಲತ್ತು ಕೊಡುವ ಒಪ್ಪಂದದ ವಿರುದ್ಧ ಜನ ಅದರ ರಾಜಧಾನಿ ಸುಖುಮಿಯ ಸಂಸತ್ ಕಟ್ಟಡಕ್ಕೇ ನುಗ್ಗಿದರು. ತಮ್ಮ ಕಡಲತೀರ ಎಲ್ಲ ರಷ್ಯಾದ ಶ್ರೀಮಂತರ ಪಾಲಾಗುತ್ತದೆ ಅಂತ ಭಯ. ಒಪ್ಪಂದ ಬಿದ್ದುಹೋಯಿತು, ಅಲ್ಲಿನ ಅಧ್ಯಕ್ಷ ರಾಜೀನಾಮೆ ಕೊಟ್ಟರು. ಆ ಚಳಿಗಾಲ ರಷ್ಯಾದ ಸಹಾಯಧನ ನಿಂತಿತ್ತು, ಕರೆಂಟು ದಿನಕ್ಕೆ ಕೆಲವೇ ಗಂಟೆ. ಆಮೇಲೆ ಕರೆಂಟು ಬಂತು, 2025ರ ಮಾರ್ಚ್‌ನಲ್ಲಿ ಮಾಸ್ಕೋಗೆ ಹಿಡಿಸಿದ ಅಭ್ಯರ್ಥಿಯೇ ಗೆದ್ದರು, ಮೇ ತಿಂಗಳಲ್ಲಿ ಸುಖುಮಿ ವಿಮಾನ ನಿಲ್ದಾಣಕ್ಕೆ ರಷ್ಯಾದ ವಿಮಾನಗಳೂ ಇಳಿದವು. ನಲ್ಲಿ ಕೆಲಸ ಮಾಡುತ್ತದೆ. ಆದರೆ ತೀರಾ ಬಡವರ ಮೇಲೆ, ಬೇರೆ ಬಾವಿಯೇ ಇಲ್ಲದವರ ಮೇಲೆ.

ಅರ್ಮೇನಿಯಾಕ್ಕೆ ಬೇರೆ ಬಾವಿ ಸಿಗುತ್ತದೆಯೇ ಅನ್ನೋದೇ ಈಗಿನ ಪ್ರಶ್ನೆ. ಟರ್ಕಿ ಗಡಿ ತೆರೆದರೆ, ದಕ್ಷಿಣದ ದಾರಿ ಆದರೆ, ಲಾರ್ಸ್ ಗೇಟಿನ ಮಹತ್ವ ಅರ್ಧ ಇಳಿಯುತ್ತದೆ. 2025ರ ಅಕ್ಟೋಬರ್‌ನಲ್ಲಿ ಅಲಿಯೆವ್ ಅರ್ಮೇನಿಯಾಕ್ಕೆ ಹೋಗುವ ಸರಕು ನಮ್ಮ ನೆಲದ ಮೇಲೆ ಹಾದುಹೋಗಬಹುದು ಎಂದರು. ಮೂವತ್ತಕ್ಕೂ ಹೆಚ್ಚು ವರ್ಷದ ದಿಗ್ಬಂಧನ ಒಂದು ಮಾತಿನಲ್ಲಿ ಸಡಿಲವಾಯಿತು. ಕಜಕಿಸ್ತಾನದ್ದು, ರಷ್ಯಾದ್ದು ಗೋಧಿ ಬಂತು. ಈ ಡಿಸೆಂಬರ್‌ನಲ್ಲಂತೂ ಅಜರ್ಬೈಜಾನಿನದೇ ಪೆಟ್ರೋಲ್ ತುಂಬಿದ ರೈಲು ಜಾರ್ಜಿಯಾ ಸುತ್ತಿಕೊಂಡು ಅರ್ಮೇನಿಯಾ ತಲುಪಿತು. ಐದು ವರ್ಷದ ಹಿಂದೆ ಯಾರಾದರೂ ಹೀಗೆ ಹೇಳಿದ್ದರೆ ಹುಚ್ಚು ಅನ್ನುತ್ತಿದ್ದರು.

ಈ ಸುದ್ದಿಯ ಫೋಟೋದಲ್ಲಿ ಬಾಕು ಮತ್ತು ಯೆರೆವಾನ್ ಮಾತ್ರ ಕಾಣುತ್ತವೆ. ಆದರೆ ಗಡಿ ದಾಟಿ ಒಳಗೆ ಬಂದ ಮೇಲೆ ಆ ಟ್ಯಾಂಕರುಗಳು ಓಡಿದ್ದು ರಷ್ಯಾ ರೈಲ್ವೆಯ ಗುತ್ತಿಗೆ ಹಳಿಯ ಮೇಲೆ. ಗುತ್ತಿಗೆ ಮುಗಿಯಲು ಇನ್ನೂ ಹನ್ನೆರಡು ವರ್ಷಕ್ಕಿಂತ ಜಾಸ್ತಿ ಇದೆ.